ಶನಿವಾರದ ಕೆಮ್ಮು

ಟೇಲರ್ ಮಾಸ್ತರ ಅಂಗಡಿಗೆ ಅಳತೆ ಕೊಡಲು ಹೋಗಿಬಂದ ಗಂಡಸರು ಒಂದೆರಡು ದಿನವಾದರೂ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದರು. ಅದಕ್ಕೆ ಕಾರಣ ಅವರ ಹೊಲಿಗೆಯಲ್ಲ, ಕೆಮ್ಮು.

ಹೇಗೆಂದರೆ, ಗಿರಾಕಿಯ ಹೊಟ್ಟೆ ಸುತ್ತ ಟೇಪು ಹಾಕಿ ಮೂವತ್ತೆಂಟು ಇಂಚು ಬಂತೆನ್ನಿ, ಮಾಸ್ತರು "ಮೂವತ್ತಾರು" ಎಂದು ಗಟ್ಟಿಯಾಗಿ ಹೇಳಿ, ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು ಎರಡು ಸಲ ಕೆಮ್ಮುತ್ತಿದ್ದರು. ಮೂಲೆಯಲ್ಲಿ ಗುಂಡಿಯ ಕಾಜ ಹೊಲಿಯುತ್ತ ಕೂತ ಹೆಂಡತಿ ಅಳತೆ ಪುಸ್ತಕ ಎಳೆದುಕೊಂಡು, ಮೂವತ್ತಾರಕ್ಕೆ ಎರಡು ಕೂಡಿಸಿ ಮೂವತ್ತೆಂಟು ಎಂದು ಬರೆದುಕೊಳ್ಳುತ್ತಿದ್ದಳು. ಒಂದು ಕೆಮ್ಮಿಗೆ ಒಂದು ಇಂಚು. ಅರ್ಧ ಇಂಚಿಗೆ ಸುಮ್ಮನೆ ಗಂಟಲು ಸರಿಮಾಡಿಕೊಂಡರೆ ಸಾಕು. ಗಿರಾಕಿ ಕನ್ನಡಿಯಲ್ಲಿ ತನ್ನ ಮೂವತ್ತಾರನ್ನು ನೋಡಿ ಹಿಗ್ಗುತ್ತಿದ್ದ. ಪ್ಯಾಂಟು ಮೂವತ್ತೆಂಟಕ್ಕೆ ತಯಾರಾಗಿ ಬಂದು ಮೈಗೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಎಲ್ಲರಿಗೂ ಸಂತೋಷ.

ಮದುವೆಯಾದ ಹೊಸದರಲ್ಲಿ ಹೆಂಡತಿ, ಇದು ಸುಳ್ಳಲ್ಲವಾ ಎಂದು ಕೇಳಿದ್ದಳು. ಸುಳ್ಳಲ್ಲ, ಮರ್ಯಾದೆ ಎಂದು ಮಾಸ್ತರು ತಿದ್ದಿದ್ದರು. "ನಿಜವಾದ ನಂಬರನ್ನ ಒಂದೇ ಏಟಿಗೆ ತಡ್ಕೊಳ್ಳೋ ಗಂಡಸು ಇನ್ನೂ ಹುಟ್ಟಿಲ್ಲ ಕಣೇ. ಅವನಿಗೆ ಬೇಕಾದ್ದನ್ನ ಬಾಯಲ್ಲಿ ಕೊಡು, ಇರೋದನ್ನ ಕೆಮ್ಮಲ್ಲಿ ಕೊಡು." ಇನ್ನೊಂದು ಕಟ್ಟಳೆಯನ್ನೂ ಅವತ್ತೇ ಕಲಿಸಿದ್ದರು: ಮತ್ತೆ ಬಂದ ಗಿರಾಕಿಗೆ ಹೋದ ಸಲಕ್ಕಿಂತ ಹೆಚ್ಚಿನ ನಂಬರು ಹೇಳಲೇಬಾರದು. ಅವನು ಎಷ್ಟಾದರೂ ಊದಲಿ, ಈ ಅಂಗಡಿಯಲ್ಲಿ ಇಳಿಯುತ್ತಲೇ ಇರಬೇಕು.

ಹೀಗೆ ಮೂವತ್ತು ವರ್ಷ ಕೆಮ್ಮಿದರು. ಕೆಲವು ಹಳೇ ಗಿರಾಕಿಗಳಿಗೆ ಮಾಸ್ತರ ಎದೆಯ ಬಗ್ಗೆಯೇ ಚಿಂತೆ ಹತ್ತಿತ್ತು. ಹೊಟ್ಟೆ ಭಾರೀ ಇದ್ದ ಬ್ಯಾಂಕಿನವರೊಬ್ಬರು, ನಾನು ಬಂದಾಗಲೆಲ್ಲ ನಿಮಗೆ ಕೆಮ್ಮು ಜಾಸ್ತಿಯಾಗುತ್ತಲ್ಲ ಎಂದು ಮರುಗಿ ಜೇನುತುಪ್ಪದ ಬಾಟಲಿ ತಂದುಕೊಟ್ಟಿದ್ದರು.

ಊರವರನ್ನೆಲ್ಲ ಅಳೆದ ಮಾಸ್ತರು ತಮ್ಮನ್ನು ಮಾತ್ರ ಅಳೆದುಕೊಂಡವರಲ್ಲ. ಪ್ಯಾಂಟು ಬಿಗಿಯಾದಾಗ, ಒಗೆದೂ ಒಗೆದೂ ಬಟ್ಟೆ ಕುಗ್ಗಿದೆ ಎನ್ನುತ್ತ ಯಾರೂ ಇಲ್ಲದ ಹೊತ್ತು ನೋಡಿ ಹಿಂದಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದರು. ಬಿಚ್ಚಲು ಬಟ್ಟೆ ಉಳಿಯದಾದಾಗ ಸೊಂಟಕ್ಕೆ ಒಳಗಿನಿಂದ ಎಲಾಸ್ಟಿಕ್ ಹಾಕಿಕೊಂಡರು. ನಿಂತಲ್ಲೇ ನಿಂತು ಕತ್ತರಿಸುವ ಕೆಲಸ, ಹೊತ್ತು ಹೊತ್ತಿಗೆ ಟೀ, ಟೀ ಜೊತೆಗೆ ಬನ್ನು, ಬಿಸ್ಕತ್ತು, ಎದುರಂಗಡಿಯಿಂದ ಬಿಸಿಬಿಸಿ ಕರಿದದ್ದು. ಹೊಟ್ಟೆ ತಾನಾಗಿಯೇ ಬಂತು, ಕರೆಯದೆ ಬಂದ ನೆಂಟನ ಹಾಗೆ, ಬಂದದ್ದು ಹೋಗುವ ಮಾತೇ ಎತ್ತಲಿಲ್ಲ.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ತಾನೇ ಮೆಚ್ಚಿದ ಹುಡುಗ, ಒಳ್ಳೆಯ ಮನೆ. ಹುಡುಗನ ತಂದೆ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತರಾದವರು. ಬೆಳಿಗ್ಗೆ ಐದಕ್ಕೆ ಎದ್ದು ಐದು ಕಿಲೋಮೀಟರು ನಡೆಯುವವರು, ಅದನ್ನು ದಿನಕ್ಕೆ ಐದು ಜನರಿಗೆ ಹೇಳುವವರು. ಮಾತುಕತೆಗೆ ಮಾಸ್ತರು ಅವರ ಮನೆಗೆ ಹೋದಾಗ ಬಾಗಿಲಲ್ಲೇ ಕೈ ಹಿಡಿದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಬನ್ನಿ ಬೀಗರೇ. ನಿಮ್ಮ ಹೊಟ್ಟೆ ಆಗಲೇ ಒಳಗೆ ಬಂತು, ನೀವಿನ್ನೂ ಹೊರಗೇ ಇದ್ದೀರಲ್ಲ."

ಮಾಸ್ತರೂ ಎಲ್ಲರ ಜೊತೆ ನಕ್ಕರು. ನಕ್ಕಾಗ ಅಂಗಿಯ ನಡುಗುಂಡಿ ಕಿತ್ತು ಹಾರಿ ಬೀಗಿತ್ತಿಯ ಲೋಟದ ಪಕ್ಕ ಬಿತ್ತು. ಗುಂಡಿ ಕಿತ್ತುಹೋದ ಟೇಲರಿಗಿಂತ ನಾಚಿಕೆಗೇಡು ಇನ್ನೇನಿದೆ? ದಾರಿಯುದ್ದಕ್ಕೂ ಮಾಸ್ತರು ಗುಂಡಿ ಹೋದ ಜಾಗವನ್ನು ಕೈಯಲ್ಲಿ ಮುಚ್ಚಿಕೊಂಡೇ ಬಂದರು. ಮನೆಗೆ ಬಂದವರೇ ಕಬ್ಬಿಣದ ಪೆಟ್ಟಿಗೆ ತೆರೆದು ಅಪ್ಪನ ಬಟ್ಟೆ ಹೊರಗೆ ತೆಗೆದರು.

ಮಾಸ್ತರ ಅಪ್ಪನೂ ಟೇಲರೇ. ಜೀವಮಾನವಿಡೀ ಕಂಡವರ ಕೋಟು ಹೊಲಿದು, ತನಗೆಂದು ಒಂದೇ ಒಂದು ಕೋಟಿನ ಬಟ್ಟೆ ತಂದಿಟ್ಟುಕೊಂಡಿದ್ದರು. ಬೂದಿ ಬಣ್ಣದ ಉಣ್ಣೆ ಬಟ್ಟೆ, ಕೈಯಾಡಿಸಿದರೆ ಬೆಕ್ಕಿನ ಬೆನ್ನಿನಂತೆ. ಈ ವರ್ಷ ಕೆಲಸ ಜಾಸ್ತಿ, ಬರೋ ವರ್ಷ ಹೊಲ್ಕೊಂಡರಾಯ್ತು ಎನ್ನುತ್ತ ಎನ್ನುತ್ತ, ಅದನ್ನು ಹೊಲಿಯದೆಯೇ ಹೋಗಿಬಿಟ್ಟರು. ಹೋಗುವ ಮೊದಲು ಮಗನಿಗೆ, ಮೊಮ್ಮಗಳ ಮದುವೆಗೆ ನೀನಾದರೂ ಹಾಕ್ಕೋ ಎಂದಿದ್ದರು. ಆಗ ಮೊಮ್ಮಗಳಿಗೆ ಆರು ವರ್ಷ. ಅಂಥ ಉಣ್ಣೆ ಬಟ್ಟೆ ನೇಯುವ ಗಿರಣಿಯೇ ಈಗ ಇಲ್ಲ.

ಆದರೆ ಅಪ್ಪ ಕಡ್ಡಿಯಂತಿದ್ದವರು. ತನ್ನ ಮೈಗೆ ಎಷ್ಟು ಬೇಕೋ ಅಷ್ಟೇ ತಂದಿದ್ದರು. ಮಾಸ್ತರು ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಹಾಸಿ, ಕಾಗದದ ನಮೂನೆಗಳನ್ನು ಅತ್ತ ಇತ್ತ ಸರಿಸಿ ನೋಡಿದರು. ಹೊಟ್ಟೆ ಮೂವತ್ತಾರು ಇಂಚಿನ ಕೋಟಾದರೆ ಎಲ್ಲ ತುಂಡುಗಳೂ ಒಂದರ ಮಗ್ಗುಲಲ್ಲಿ ಒಂದು ಕೂತವು. ಮೂವತ್ತೇಳಕ್ಕೆ ಮುಂಭಾಗದ ಅಂಚು ಬಟ್ಟೆಯಿಂದ ಆಚೆ ಇಣುಕಿತು. ಮೂವತ್ತೆಂಟಕ್ಕೆ ತೋಳೇ ಇಲ್ಲ. ಬೇರೆ ಬಟ್ಟೆ ಜೋಡಿಸಬಹುದಿತ್ತು, ಆದರೆ ಮಗಳ ಮದುವೆಯಲ್ಲಿ ತೇಪೆಯ ಕೋಟು ಹಾಕಿಕೊಂಡು ಆ ಟೈಮ್‌ಕೀಪರರ ಪಕ್ಕ ನಿಲ್ಲುವುದಕ್ಕಿಂತ ಗೋಣಿಚೀಲ ಸುತ್ತಿಕೊಳ್ಳುವುದು ವಾಸಿ.

"ಬಟ್ಟೆ ದೊಡ್ಡದಾಗಲ್ಲ," ಎಂದರು ಮಾಸ್ತರು ಹೆಂಡತಿಗೆ. "ನಾನೇ ಚಿಕ್ಕವನಾಗ್ತೀನಿ. ಮೂರು ತಿಂಗಳಿದೆ."

ಹೆಂಡತಿ ಮಾಸ್ತರನ್ನೂ ನೋಡಿದಳು, ಬಟ್ಟೆಯನ್ನೂ ನೋಡಿದಳು. ಆಮೇಲೆ ಬಟ್ಟೆ ಮಡಿಸಿಟ್ಟಳು.

ಮಾರನೇ ದಿನವೇ ಗಣಿತದ ಮೇಡಂ ಬಂದದ್ದು ಮಾಸ್ತರ ಪಾಲಿಗೆ ದೇವರೇ ಕಳಿಸಿದಂತಾಯಿತು. ಪಕ್ಕದ ಬೀದಿಯ ಶಾಲೆಯಲ್ಲಿ ಪಾಠ ಹೇಳುವ ಅವರು ತಮ್ಮ ಬಟ್ಟೆಗಳನ್ನೆಲ್ಲ ಹೊತ್ತು ತಂದು, ಮೂರು ಇಂಚು ಒಳಗೆ ಹಿಡಿದುಕೊಡಿ ಎಂದರು. ಒಳಗೆ ಹಿಡಿಯುವುದು! ಮಾಸ್ತರ ಅಂಗಡಿಗೆ ಹೊರಗೆ ಬಿಡುವ ಬಟ್ಟೆ ಮಾತ್ರ ಬರುತ್ತಿತ್ತು. ಇದನ್ನು ಹೇಗೆ ಮಾಡಿದಿರಿ ಎಂದು ಮಾಸ್ತರು ಕುರ್ಚಿ ಕೊಟ್ಟು ಕೂರಿಸಿ ಕೇಳಿದರು.

"ನಾಳೆಯಿಂದಲೇ ಅಂತ ಧುಮುಕಬೇಡಿ ಮಾಸ್ತರೇ," ಎಂದರು ಮೇಡಂ. "ಮೊದಲು ಸಿದ್ಧತೆ ಮಾಡ್ಕೊಳ್ಳಿ. ಡಬ್ಬಿಗಳಲ್ಲಿರೋ ಕರಿದಿದ್ದು, ಸಿಹಿ ಎಲ್ಲ ಮನೆಯಿಂದ ಆಚೆ ಹೋಗ್ಲಿ. ಮನೆಯವರಿಗೆ ಹೇಳಿ. ವಾರಕ್ಕೊಂದ್ಸಲ ಅಳತೆ ಬರೆದಿಡಿ, ನಿಜವಾದ್ದನ್ನ. ದಿನಾ ಹತ್ತು ನಿಮಿಷ ನಡೀರಿ, ಸಾಕು. ಮನಸ್ಸು ಒಗ್ಗಿದರೆ ಮೈ ಹಿಂದೇನೇ ಬರುತ್ತೆ."

ಇದರಲ್ಲಿ ಮಾಸ್ತರಿಗೆ ಬಹಳ ಹಿಡಿಸಿದ ಮಾತು ಸಿದ್ಧತೆ. ಹತ್ತು ನಿಮಿಷದ ಮಾತು ಬರುವ ಹೊತ್ತಿಗೆ ಅವರು ಕೆಳಗೆ ಬಿದ್ದ ಗುಂಡುಸೂಜಿ ಹುಡುಕುತ್ತಿದ್ದರು.

ಸಿದ್ಧತೆ ಅವತ್ತೇ ಶುರುವಾಯಿತು. ಮೊದಲು ಡಬ್ಬಿಗಳ ಸರದಿ. ಅನ್ನ ಹಾಕುವ ಮನೆಯಲ್ಲಿ ತಿಂಡಿ ಬಿಸಾಡುವುದುಂಟೇ ಎಂದು ಮಾಸ್ತರು ಅದೆಲ್ಲವನ್ನೂ ತಮ್ಮ ಮೂಲಕವೇ ಮನೆಯಿಂದ ಆಚೆ ಕಳಿಸಲು ನಿಶ್ಚಯಿಸಿದರು. ಒಂದು ವಾರ ಹಿಡಿಯಿತು. ಕೊನೆಯ ಡಬ್ಬಿಯಲ್ಲಿ ಒಂದು ಹಿಡಿ ಉಳಿದಾಗ, ಅದೊಂದಕ್ಕೇ ಡಬ್ಬಿ ಯಾಕೆ ಎಂದು ಹೊಸದಾಗಿ ತಂದು ತುಂಬಿಸಿ, ಮತ್ತೆ ಖಾಲಿ ಮಾಡಿದರು. ಆಮೇಲೆ ಬೂಟು. ಊರಿನ ಮೂರು ಅಂಗಡಿ ಸುತ್ತಿ ಬಿಳಿಯ ಬೂಟು ತಂದು, ಶುರುಮಾಡುವ ದಿನ ಹೊಸದಾಗಿಯೇ ಇರಲೆಂದು ಪೆಟ್ಟಿಗೆಯ ಸಮೇತ ಕಪಾಟಿನ ಮೇಲಿಟ್ಟರು. ಆ ಮೂರು ಅಂಗಡಿಗೂ ಆಟೋದಲ್ಲಿ ಹೋಗಿ ಬಂದಿದ್ದರು. ನಡೆಯಲು ಪೈಜಾಮವೊಂದನ್ನು ತಾವೇ ಹೊಲಿದರು: ಪಕ್ಕದಲ್ಲಿ ಎರಡು ಜೇಬು, ಹಿಂದೊಂದು, ಬೆವರು ಒರೆಸುವ ಬಟ್ಟೆಗೆಂದು ಇನ್ನೊಂದು. ಬೆವರು ಮಾತ್ರ ಬಾಕಿ ಇತ್ತು.

ಗೋಡೆಯ ಮೇಲೆ ವೇಳಾಪಟ್ಟಿ ಬಂತು. ಐದಕ್ಕೆ ಏಳುವುದು ಕೆಂಪು, ನಡಿಗೆ ಹಸಿರು, ತರಕಾರಿ ನೀಲಿ. ಬಣ್ಣ ಹಚ್ಚುತ್ತ ಕೂತದ್ದರಿಂದ ಮಾರನೆಯ ಬೆಳಿಗ್ಗೆ ಎಂಟರವರೆಗೆ ಮಲಗಬೇಕಾಯಿತು. ನೀರಿನ ಬಾಟಲಿಗೆ ಟೇಪು ಹಿಡಿದು ಇಂಚು ಇಂಚಿಗೆ ಗೆರೆ ಎಳೆದರು. ಗೆರೆಗಳು ಎಷ್ಟು ನೇರವಾಗಿದ್ದವೆಂದರೆ ನೀರು ತುಂಬಿ ಕೆಡಿಸಲು ಮನಸ್ಸಾಗಲಿಲ್ಲ.

ಆಮೇಲೆ ಅಳತೆ. ಇದಕ್ಕೆ ಶನಿವಾರ ಬೆಳಿಗ್ಗೆ ನಿಗದಿಯಾಯಿತು. ತನ್ನ ಹೊಟ್ಟೆಯನ್ನು ತಾನೇ ಅಳೆದರೆ ಟೇಪು ವಾಲುತ್ತದೆ, ಇದು ಟೇಲರಿಗೆ ಗೊತ್ತಿರುವ ಮಾತು. ಆದ್ದರಿಂದ ಹೆಂಡತಿ ಅಳೆಯುವುದು, ಮಾಸ್ತರು ಬರೆದುಕೊಳ್ಳುವುದು. ಮೂವತ್ತು ವರ್ಷದಲ್ಲಿ ಮೊದಲ ಸಲ ಟೇಪು ಆಕೆಯ ಕೈಗೂ ಪೆನ್ಸಿಲು ಇವರ ಕೈಗೂ ಬಂತು. ಅಳತೆ ಪುಸ್ತಕದಲ್ಲಿ ಹೊಸ ಹಾಳೆ ತೆರೆದು, ಸುತ್ತ ಕೆಂಪು ಗೆರೆ ಹೊಡೆದು, ಮಾಸ್ತರು ಕೈ ಮೇಲೆತ್ತಿ, ಉಸಿರು ಒಳಗೆಳೆದು, ಕಣ್ಣನ್ನು ಚಾವಣಿಗೆ ನೆಟ್ಟು ನಿಂತರು.

ಹೆಂಡತಿ ಟೇಪು ಸುತ್ತಿ ನೋಡಿದಳು. ನಲವತ್ತೆರಡು. ತಲೆ ಎತ್ತಿ ಗಂಡನ ಮುಖ ನೋಡಿದಳು. "ನಲವತ್ತು," ಎಂದಳು. ಆಮೇಲೆ ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು ಎರಡು ಸಲ ಕೆಮ್ಮಿದಳು.

ಮಾಸ್ತರು ನಲವತ್ತು ಎಂದು ಬರೆದುಕೊಂಡರು. ಬಿಸಿನೀರು ಕುಡಿಯೇ, ಗಂಟಲು ಕಟ್ಟಿದೆ ನಿಂಗೆ ಎಂದರು.

ಮುಂದಿನ ಶನಿವಾರ ಮೂವತ್ತೊಂಬತ್ತೂವರೆ. ಅದರ ಮುಂದಿನ ವಾರ ಮೂವತ್ತೊಂಬತ್ತು. ಹೋದ ಸಲಕ್ಕಿಂತ ಹೆಚ್ಚು ಹೇಳಕೂಡದೆಂಬ ಅಂಗಡಿಯ ಕಟ್ಟಳೆಯನ್ನು ಹೆಂಡತಿ ಚಾಚೂ ತಪ್ಪದೆ ಪಾಲಿಸಿದಳು. ಹೊಟ್ಟೆ ಮಾತ್ರ ತನ್ನ ಕಟ್ಟಳೆಯನ್ನು ತಾನು ಪಾಲಿಸುತ್ತಿತ್ತು. ಹೇಳುವ ನಂಬರು ಇಳಿದ ಹಾಗೆಲ್ಲ ಕೆಮ್ಮು ಏರಿತು: ಮೂರು, ನಾಲ್ಕು, ಐದು. ಮಾಸ್ತರಿಗೆ ನಿಜಕ್ಕೂ ಕನಿಕರವಾಗಿ, ಮಗಳ ಔಷಧಿ ಅಂಗಡಿಗೇ ಹೋಗಿ ಕೆಮ್ಮಿನ ಸಿರಪ್ಪು ಕೇಳಿದರು. ಮಗಳು ಬಾಟಲಿ ಎತ್ತಿಕೊಟ್ಟು, ಅಪ್ಪನ ಮುಖವನ್ನೇ ನೋಡುತ್ತ ಕೇಳಿದಳು:

"ಅಮ್ಮಂಗೆ ಕೆಮ್ಮು ಶನಿವಾರ ಮಾತ್ರ ಬರುತ್ತಲ್ಲಪ್ಪ, ಯಾಕಿರಬಹುದು?"

"ವಾರವೆಲ್ಲ ದುಡೀತಾಳಲ್ಲ, ಪಾಪ," ಎಂದರು ಮಾಸ್ತರು.

ಐದನೇ ವಾರದ ಹೊತ್ತಿಗೆ ಅವರಿಗೊಂದು ದೊಡ್ಡ ಸತ್ಯ ಹೊಳೆದಿತ್ತು. ಏನೂ ಶುರುಮಾಡದೆಯೇ ಎರಡು ಇಂಚು ಇಳಿದಿದೆ ಎಂದಮೇಲೆ ಇಳಿಸಿದ್ದು ಯಾವುದು? ಸಿದ್ಧತೆಯೇ! ಜನ ಸುಮ್ಮನೆ ಓಡಿ, ಹಸಿದು ಸಾಯುತ್ತಾರೆ. ಮನಸ್ಸು ಸಿದ್ಧವಾದರೆ ಕೊಬ್ಬು ತಾನೇ ಅರ್ಥಮಾಡಿಕೊಂಡು ಜಾಗ ಖಾಲಿ ಮಾಡುತ್ತದೆ. ಅಳತೆಗೆ ಬಂದವರಿಗೆಲ್ಲ ಮಾಸ್ತರು ಇದನ್ನು ಉಪದೇಶಿಸತೊಡಗಿದರು. ಬಾಯಲ್ಲಿ ಬನ್ನಿದ್ದರೂ ಉಪದೇಶಕ್ಕೆ ಅಡ್ಡಿಯಾಗುತ್ತಿರಲಿಲ್ಲ. ಜೇನುತುಪ್ಪದ ಬ್ಯಾಂಕಿನವರು ಆವತ್ತೇ ಹೋಗಿ ಬೂಟು ಕೊಂಡು ಕಪಾಟಿನ ಮೇಲಿಟ್ಟರು. ಗಣಿತದ ಮೇಡಂ ಮಾತ್ರ ಇದನ್ನು ಕೇಳಿ, ನಡಿಗೆ ಎಷ್ಟು ನಿಮಿಷಕ್ಕೆ ಬಂತು ಎಂದು ವಿಚಾರಿಸಿದರು. ಅವಸರ ಮಾಡಬಾರದು ಮೇಡಂ, ನೀವೇ ಹೇಳಿದ್ದಲ್ಲವೇ ಎಂದು ಮಾಸ್ತರು ಅವರ ಪಾಠವನ್ನು ಅವರಿಗೇ ಒಪ್ಪಿಸಿದರು.

ಒಂಬತ್ತನೇ ಶನಿವಾರ ಹೆಂಡತಿ "ಮೂವತ್ತಾರು" ಎಂದಳು. ಎಂದವಳು ಏಳು ಸಲ ಕೆಮ್ಮಿದಳು. ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಕೊಂಚ ನಿಲ್ಲಿಸಿ, ಗಂಡನ ಮುಖವನ್ನು ದಿಟ್ಟಿಸಿ ನೋಡಿದಳು. ಏಳನೆಯದು ಮುಗಿಯುವಷ್ಟರಲ್ಲಿ ಮಾಸ್ತರು ಬೆನ್ನು ತಿರುಗಿಸಿ ಅಪ್ಪನ ಬಟ್ಟೆಯ ಪೆಟ್ಟಿಗೆಯ ಕಡೆ ಹೊರಟಿದ್ದರು.

ಕೋಟು ನೋಡಿ ಮನೆಯವರು ಬೆರಗಾಗಲೆಂದು ಅವರು ಯಾರಿಗೂ ಹೇಳಲಿಲ್ಲ. ತಾಯಿ ಮಗಳು ಮದುವೆಯ ಸಾಮಾನು ತರಲು ಹೋಗುವ ಮಧ್ಯಾಹ್ನಗಳನ್ನು ನೋಡಿಕೊಂಡು, ಅಂಗಡಿಯ ಪರದೆ ಎಳೆದು ಕೆಲಸ ಮಾಡಿದರು. ಅಪ್ಪನ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆಯನ್ನು ಎರಡು ಸಲ ಒರೆಸಿ ಮತ್ತೆ ಎಳೆದರು. ಕತ್ತರಿಯನ್ನು ಮಾತ್ರ ಒಂದೇ ಸಲಕ್ಕೆ ಓಡಿಸಿದರು. ಆ ವಿಷಯದಲ್ಲಿ ಮಾಸ್ತರು ಮಾಸ್ತರೇ, ಕತ್ತರಿ ಹಿಡಿದರೆ ಅವರನ್ನು ಮೀರಿಸುವವರು ಇರಲಿಲ್ಲ. ಕಚ್ಚಾ ಹೊಲಿಗೆ ಹಾಕಿ ಒಂದು ಸಲ ಮೈಗೆ ಹಾಕಿ ನೋಡುವುದು ಎಲ್ಲ ಕೋಟಿಗೂ ಇರುವ ಪದ್ಧತಿ. ಅದನ್ನು ಬಿಟ್ಟರು. ಪುಸ್ತಕದಲ್ಲಿ ಸ್ವಂತ ಕೈಯಲ್ಲಿ ಬರೆದ ಅಳತೆ ಇರುವಾಗ ಟ್ರಯಲ್ ಯಾತಕ್ಕೆ? ಹೆಂಡತಿಗೆ ತಿಳಿಯಬಾರದೆಂದು ಕಾಜಗಳನ್ನೂ ತಾವೇ ಹೊಲಿದರು. ಅಂಥ ಕೋಟನ್ನು ಅವರು ಜನ್ಮದಲ್ಲಿ ಹೊಲಿದಿರಲಿಲ್ಲ.

ಮದುವೆಗೆ ಒಂದು ವಾರವಿದ್ದಾಗ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಹೆಂಡತಿಯನ್ನೂ ಮಗಳನ್ನೂ ಅಂಗಡಿಗೆ ಕರೆದು ಕನ್ನಡಿಯ ಮುಂದೆ ನಿಲ್ಲಿಸಿದರು. ಪರದೆಯ ಹಿಂದಿನಿಂದ ಕೋಟು ತಂದರು. ಹೆಂಡತಿಗೆ ಬಟ್ಟೆ ಗುರುತು ಸಿಕ್ಕಿತು. ಆಕೆ ಮೆಲ್ಲಗೆ ಕಾಜದ ಸ್ಟೂಲಿನ ಮೇಲೆ ಕೂತುಬಿಟ್ಟಳು.

ತೋಳು ಸರಾಗವಾಗಿ ಇಳಿಯಿತು. ಭುಜ ನೀರು ಹರಿದಂತೆ ಕೂತಿತು. ಮಾಸ್ತರು ಗುಂಡಿ ಹಾಕಿಕೊಳ್ಳಲು ಮುಂಭಾಗದ ಎರಡು ಅಂಚುಗಳನ್ನು ಹಿಡಿದರು. ಅವೆರಡೂ ಮಾತು ಬಿಟ್ಟ ದಾಯಾದಿಗಳಂತೆ ಅತ್ತ ಒಂದು ಇತ್ತ ಒಂದು ನಿಂತವು. ನಡುವೆ ಹೊಟ್ಟೆ, ರಾಜಿ ಮಾಡಿಸಲು ಬಂದ ಹಿರಿಯನ ಹಾಗೆ, ದುಂಡಗೆ, ನಿಶ್ಚಿಂತೆಯಿಂದ. ಮಾಸ್ತರು ಉಸಿರು ಎಳೆದರು. ಇನ್ನೂ ಎಳೆದರು. ಮುಖ ಕೆಂಪಾಯಿತು, ಗುಂಡಿ ಕಾಜದ ಮುಖ ನೋಡಲಿಲ್ಲ.

ಊಟ ಸ್ವಲ್ಪ ಜಾಸ್ತಿಯಾಯಿತು ಎಂದರು ಮೊದಲು. ಆಮೇಲೆ ಟೇಪು ಕೆಟ್ಟಿದೆ ಎಂದರು. ಉಕ್ಕಿನ ಅಳತೆಪಟ್ಟಿ ತಂದು ಟೇಪಿನ ಪಕ್ಕ ಇಟ್ಟು ಇಂಚು ಇಂಚನ್ನೂ ಹೋಲಿಸಿ ನೋಡಿದರು. ಟೇಪು ಸತ್ಯವಂತ. ಕೊನೆಗೆ ತಮ್ಮ ಹೊಟ್ಟೆಗೆ ತಾವೇ ಸುತ್ತಿಕೊಂಡರು. ನಲವತ್ತಮೂರು. ವಾಲಿದೆಯೇನೋ ಎಂದು ಸರಿಮಾಡಿ ಸುತ್ತಿದರು. ನಲವತ್ತಮೂರೂ ಕಾಲು.

"ನೀನು ಮೂವತ್ತಾರು ಅಂದಿದ್ದೆಯಲ್ಲೇ," ಎಂದರು ಹೆಂಡತಿಗೆ.

"ಅಂದೆ. ಅಂದು ಏಳು ಸಲ ಕೆಮ್ಮಿದೆ."

ಮಾಸ್ತರು ಬೆರಳು ಮಡಿಸಿ ಎಣಿಸಿದರು. ಮೂವತ್ತಾರು, ಏಳು. ಅಷ್ಟು ಕೂಡಿಸಲು ಗಣಿತದ ಮೇಡಂ ಬೇಕಿರಲಿಲ್ಲ. ಶನಿವಾರಗಳು ಒಂದೊಂದಾಗಿ ಹಿಂದಕ್ಕೆ ಹೋಗಿ, ಎರಡು ಕೆಮ್ಮಿನ ಮೊದಲ ಶನಿವಾರದವರೆಗೂ ಹೋಗಿ ನಿಂತವು.

"ನಂಗ್ಯಾಕೆ ಕೆಮ್ಮಿದೆ? ನಾನೇನು ಗಿರಾಕಿನಾ?"

"ಮೊದಲ ಶನಿವಾರ ನೀವು ನಿಂತಿದ್ದು ನೋಡಬೇಕಿತ್ತು ರೀ. ಉಸಿರು ಬಿಗಿ ಹಿಡ್ಕೊಂಡು, ಕಣ್ಣು ಮೇಲೆ ಮಾಡ್ಕೊಂಡು, ಥೇಟ್ ಗಿರಾಕಿನೇ. ನಿಜ ಹೇಳಕ್ಕೆ ನಂಗೆ ಬಾಯಿ ಬರ್ಲಿಲ್ಲ. ಕೆಮ್ಮಿದರೆ ನಿಮಗೆ ತಿಳಿಯುತ್ತಲ್ಲ, ಇದು ನಿಮ್ಮದೇ ಕೆಮ್ಮಲ್ವಾ ಅಂದ್ಕೊಂಡೆ." ಆಕೆ ಸ್ಟೂಲಿನಿಂದ ಎದ್ದಳು. "ಮೂವತ್ತು ವರ್ಷ ನಿಮ್ಮ ಒಂದೊಂದು ಕೆಮ್ಮನ್ನೂ ನಾನು ಬರ್ಕೊಂಡಿದ್ದೀನಿ. ನನ್ನ ಕೆಮ್ಮಲ್ಲಿ ಒಂದನ್ನಾದ್ರೂ ನೀವು ಬರ್ಕೊಂಡ್ರಾ? ಸಿರಪ್ಪು ತಂದುಕೊಟ್ರಿ."

ಮಗಳು ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದಳು. ಅದು ನಗುವೋ ಅಳುವೋ ಮಾಸ್ತರಿಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ. ಮೇಜಿನ ಕೆಳಗೆ ಅಪ್ಪನ ಬಟ್ಟೆಯ ಚೂರುಗಳು ಬಿದ್ದಿದ್ದವು, ಜಡೆಗೆ ಕಟ್ಟುವ ರಿಬ್ಬನ್ನಿನಷ್ಟು ಅಗಲ. ಕೋಟಿನ ಒಳಗೆ ಬಿಟ್ಟ ಬಟ್ಟೆ ಬಿಚ್ಚಿದರೆ ಹೆಚ್ಚೆಂದರೆ ಒಂದೂವರೆ ಇಂಚು. ಬೇಕಿದ್ದದ್ದು ಏಳು. ಮಾಸ್ತರು ಕೋಟು ಬಿಚ್ಚಿ ಗೋಡೆಯ ಗೂಟಕ್ಕೆ ನೇತುಹಾಕಿದರು. ಎರಡು ದಿನ ಗಿರಾಕಿಗಳ ಅಳತೆ ತೆಗೆದಾಗಲೂ ಕೆಮ್ಮಲಿಲ್ಲ. ನಿಜವಾದ ನಂಬರು ಕೇಳಿದ ಬ್ಯಾಂಕಿನವರು, ಟೇಪು ಬದಲಾಯಿಸಿ ಮಾಸ್ತರೇ ಎಂದು ಸಿಟ್ಟು ಮಾಡಿಕೊಂಡು ಹೋದರು.

ಮಂಗಳವಾರ ಬೀಗರು ಬಂದರು. ನಡೆದೇ ಬಂದಿದ್ದರು, ಬಂದ ತಕ್ಷಣ ಎಷ್ಟು ನಿಮಿಷ ಹಿಡಿಯಿತೆಂದೂ ಹೇಳಿದರು. ಕಂಕುಳಲ್ಲಿ ತಮ್ಮ ಮದುವೆಯ ಕಾಲದ ಕೋಟಿನ ಗಂಟು. ಮೈ ಹಾಗೇ ಇದೆ ಬೀಗರೇ, ಕೋಟಿಗೇ ವಯಸ್ಸಾಯ್ತು, ತೋಳಿನ ಲೈನಿಂಗ್ ಹರಿದಿದೆ, ನಾಳೆಗೆ ಸರಿ ಮಾಡಿಕೊಡಿ ಎನ್ನುತ್ತ ಗಂಟು ಬಿಚ್ಚುವವರ ಕಣ್ಣು ಗೋಡೆಯ ಮೇಲೆ ಬಿತ್ತು. ಹತ್ತಿರ ಹೋದರು. ಬೂದಿ ಬಣ್ಣದ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

"ಇದು ಯಾರದು?"

ಹೆಂಡತಿಯ ಕೈಯಲ್ಲಿ ಸೂಜಿ ನಿಂತಿತು. ನನ್ನದು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನದು ಎಂದರೆ, ಹಾಕ್ಕೊಂಡು ತೋರಿಸಿ ನೋಡೋಣ ಎನ್ನದೆ ಬಿಡುವ ಮನುಷ್ಯನಲ್ಲ ಅದು. ಮಾಸ್ತರಿಗೆ ಬಾಗಿಲಲ್ಲಿ ಹೇಳಿದ ಆ ಮಾತು ನೆನಪಾಯಿತು, ಹಾರಿದ ಗುಂಡಿ ನೆನಪಾಯಿತು.

"ನಿಮ್ಮದೇ ಬೀಗರೇ," ಎಂದರು.

ಬೀಗರು ನಂಬಲಿಲ್ಲ. ಹಾಕಿಕೊಂಡರು. ಭುಜ ಕೂತಿತು, ತೋಳು ಕೂತಿತು, ಮೂರು ಗುಂಡಿಯೂ ಒಂದರ ಹಿಂದೊಂದು ಮನೆಗೆ ಹೋಗುವ ಮಕ್ಕಳಂತೆ ಕಾಜದೊಳಕ್ಕೆ ಹೋದವು. ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿದರು. ಸದಾ ಚುರುಕು ಬಾಯಿಯ ಮನುಷ್ಯ, ಆ ಹೊತ್ತು ಅವರಿಗೂ ಮಾತು ತಡವರಿಸಿತು. ಹುಡುಗನ ಕಡೆಯವರಿಗೆ ಯಾರು ಇಷ್ಟು ಮಾಡ್ತಾರೆ, ನಾನು ನಿಮ್ಮನ್ನ ಏನೇನೋ ಆಡಿಕೊಂಡಿದ್ದೀನಿ, ಮನಸ್ಸಲ್ಲಿ ಇಟ್ಟುಕೊಳ್ಳಬೇಡಿ ಎಂದರು. ಆಮೇಲೆ ಅವರಿಗೇ ಹೊಳೆಯಿತು.

"ಅಲ್ಲ, ನನ್ನ ಅಳತೆನೇ ನೀವು ತಗೊಂಡಿಲ್ಲವಲ್ಲ?"

"ಕಣ್ಣಳತೆ," ಎಂದರು ಮಾಸ್ತರು. "ಅವತ್ತು ಬಾಗಿಲಲ್ಲಿ ನಿಂತಿದ್ದಿರಲ್ಲ, ಆಗಲೇ."

ಮೂಲೆಯಿಂದ ಹೆಂಡತಿ ಕೆಮ್ಮಿದಳು. ಎಣಿಸಲಾಗದಷ್ಟು ಉದ್ದದ ಕೆಮ್ಮು.

"ಬೀಗಿತ್ತಿಯವರು ಬಿಸಿನೀರು ಕುಡೀಬೇಕು," ಎಂದರು ಬೀಗರು.

ಮದುವೆ ಚೆನ್ನಾಗಿಯೇ ಆಯಿತು. ಬೀಗರ ಕೋಟನ್ನು ಹೊಗಳದವರಿಲ್ಲ. ಅವರೂ ಬಾಯಿ ತುಂಬ ಮಾಸ್ತರ ಹೆಸರು ಹೇಳಿದರು, ಮುಟ್ಟದೆ ಅಳೆದ ಕೋಟು ಎಂದು ಬಂದ ಬಂದವರಿಗೆಲ್ಲ ತೋಳು ಮುಟ್ಟಿಸಿದರು. ಮಾಸ್ತರು ಹಳೆಯ ಕಂದು ಕೋಟನ್ನು ಗುಂಡಿ ಹಾಕದೆ, ಸೆಕೆ ಎಂದು ಹೇಳಿಕೊಂಡು ಓಡಾಡಿದರು. ಅವತ್ತು ಎಲ್ಲರೂ ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದರು. ಫೋಟೋಕ್ಕೆ ನಿಂತಾಗ ಮಗಳ ಒಂದು ಮಗ್ಗುಲಲ್ಲಿ ಅಪ್ಪ, ಇನ್ನೊಂದು ಮಗ್ಗುಲಲ್ಲಿ ಮಾವ. ಫೋಟೋದವನು ಕ್ಯಾಮರಾ ಸರಿಮಾಡಿಕೊಳ್ಳುವಷ್ಟರಲ್ಲಿ ಮಗಳು ಮಾವನ ತೋಳಿನ ಮೇಲೆ ಒಮ್ಮೆ ಕೈಯಾಡಿಸಿದಳು, ಆರು ವರ್ಷದವಳಿದ್ದಾಗ ಪೆಟ್ಟಿಗೆಯಲ್ಲಿದ್ದ ಬಟ್ಟೆಯ ಮೇಲೆ ಆಡಿಸುತ್ತಿದ್ದ ಹಾಗೆಯೇ. ಆಮೇಲೆ ಅಪ್ಪನ ಕಿವಿಗೆ ಬಾಗಿ ಹೇಳಿದಳು:

"ಬೇಜಾರು ಮಾಡ್ಕೋಬೇಡಪ್ಪ. ತಾತನ ಬಟ್ಟೆ ನಮ್ಮ ಮನೇಲೇ ಇರುತ್ತಲ್ಲ."

ನಮ್ಮ ಮನೆ ಎಂದದ್ದು ಯಾವ ಮನೆಗೆ ಎಂದು ಮಾಸ್ತರಿಗೆ ಅರ್ಥವಾಗುವಷ್ಟರಲ್ಲಿ ಫೋಟೋ ತೆಗೆದಾಗಿತ್ತು. ಅದರಲ್ಲಿ ಅವರ ಬಾಯಿ ಅರ್ಧ ತೆರೆದಿದೆ.

ಅದಾದ ಮುಂದಿನ ಶನಿವಾರ ಬೆಳಿಗ್ಗೆ ಅಂಗಡಿ ಖಾಲಿ ಇತ್ತು. ಹೆಂಡತಿ ನೆಂಟರ ಬಟ್ಟೆಗಳನ್ನು ಇಸ್ತ್ರಿ ಮಾಡುತ್ತಿದ್ದಳು. ಮಾಸ್ತರು ತಾವಾಗಿಯೇ ಟೇಪು ತಂದು ಆಕೆಯ ಕೈಗೆ ಕೊಟ್ಟರು. ಕೈ ಎತ್ತಿ ನಿಂತರು. ಈ ಸಲ ಉಸಿರು ಬಿಗಿಹಿಡಿಯಲಿಲ್ಲ.

"ಕೆಮ್ಮಬೇಡ," ಎಂದರು.

ಹೆಂಡತಿ ಟೇಪು ಸುತ್ತಿದಳು. "ನಲವತ್ತಮೂರೂವರೆ," ಎಂದಳು. ಸುಮ್ಮನಾದಳು.

ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಯಾರೂ ಕೇಳದಂಥ ಮೌನ ಅದು. ಮಾಸ್ತರು ಕೆಂಪು ಗೆರೆಯ ಹಾಳೆ ತೆರೆದರು. ಮೂವತ್ತಾರರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದ ಅಂಕಿಗಳ ಕೆಳಗೆ ನಲವತ್ತಮೂರೂವರೆ ಎಂದು ಬರೆದರು. ಬರೆದು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಗೋಡೆಯ ವೇಳಾಪಟ್ಟಿಯನ್ನೂ ಕಪಾಟಿನ ಮೇಲಿನ ಬೂಟಿನ ಪೆಟ್ಟಿಗೆಯನ್ನೂ ಒಂದು ಸುತ್ತು ನೋಡಿದರು.

"ಸೋಮವಾರದಿಂದ ಶುರು ಮಾಡ್ತೀನಿ," ಎಂದರು.

ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ಕಣ್ಣೆತ್ತಲಿಲ್ಲ. ಮುಷ್ಟಿಯನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದಳು. ಒಂದು. ಎರಡು. ಮೂರು.

ಮಾಸ್ತರ ತಲೆ ತಾನಾಗಿಯೇ ಕೂಡಿಸಿತು: ಸೋಮವಾರಕ್ಕೆ ಮೂರು, ಗುರುವಾರ, ಆಮೇಲೆ ಮತ್ತೊಂದು ಸೋಮವಾರ, ಆಮೇಲೆ ಅಪ್ಪನ ಹಾಗೆ ಬರೋ ವರ್ಷ ಹೊಲ್ಕೊಂಡರಾಯ್ತು. ನಾಲ್ಕನೆಯ ಕೆಮ್ಮು ಬರುವ ಮೊದಲೇ ಪುಸ್ತಕ ಮುಚ್ಚಿದರು. ಬೂಟಿನ ಪೆಟ್ಟಿಗೆಗೆ ಕೈ ಚಾಚಿದರು, ಬೂಟಿಗಿನ್ನೂ ಲೇಸು ಪೋಣಿಸಿಯೇ ಇರಲಿಲ್ಲ. ಪೋಣಿಸುತ್ತ ಕೂತರೆ ಮಧ್ಯಾಹ್ನವಾಗುವುದೆಂದು ಅವರಿಗೆ ಅವರ ಗುಣ ಗೊತ್ತಿತ್ತು. ಬಾಗಿಲ ಬಳಿ ಬಿದ್ದಿದ್ದ ಸವೆದ ಚಪ್ಪಲಿಗೆ ಕಾಲು ತೂರಿಸಿ, ಎಲ್ಲಿಗೆ ಎಂದು ಹೇಳದೆ ಬೀದಿಗೆ ಇಳಿದರು.

ಹೆಂಡತಿ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಕಿವಿಗೊಟ್ಟಳು. ಚಪ್ಪಲಿಯ ಪಟಪಟ ಕರಿದ ತಿಂಡಿಯ ಎದುರಂಗಡಿಯ ಬಳಿ ಬಂತು. ಅಲ್ಲಿ ನಿಲ್ಲುತ್ತದೆಯೇನೋ ಎಂದುಕೊಂಡಳು, ಕೊಂಚ ನಿಂತೂ ನಿಂತಿತು, ಮತ್ತೆ ಮುಂದುವರಿದು ಬ್ಯಾಂಕಿನವರ ಮನೆ ದಾಟಿತು. ಬೀದಿಯ ತಿರುವಿನಲ್ಲಿ ಏದುಸಿರು ಬಂದು ಮಾಸ್ತರು ಕೆಮ್ಮುವುದು ಕೇಳಿಸಿತು. ಅಭ್ಯಾಸಬಲದಿಂದ ಆಕೆಯ ಕೈ ಅಳತೆ ಪುಸ್ತಕದ ಕಡೆ ಹೋಯಿತು. ಹೋದದ್ದು ಅರ್ಧದಲ್ಲೇ ನಿಂತಿತು. ಇದು ಬರೆದುಕೊಳ್ಳುವ ಕೆಮ್ಮಲ್ಲ, ನಿಜವಾದ ಕೆಮ್ಮು. ಆಕೆ ಕಪಾಟಿನಿಂದ ಸಿರಪ್ಪಿನ ಬಾಟಲಿ ತೆಗೆದು, ಮುಚ್ಚಳದ ಸೀಲು ಒಡೆದು, ಚಮಚದ ಜೊತೆ ಮೇಜಿನ ಮೇಲಿಟ್ಟಳು.